ದೀಪಾವಳಿಗೆ ನಿಲ್ಲಿಸಿದ ಗಾಡಿ ಶಿವರಾತ್ರಿಗೆ ಸ್ಟಾರ್ಟ್ ಆಗದಿದ್ದರೆ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತದೆ. ದೀಪಾವಳಿಯಲ್ಲಿ ಊರಿಗೆ ಬಂದಾಗ ಬೈಕ್ ಓಡಿಸಿ, ಮನೆ ಪಕ್ಕದ ಶೀಟಿನ ಕೆಳಗೆ ನಿಲ್ಲಿಸಿ ಬೆಂಗಳೂರಿಗೆ ಹೋದವರು ಆಗ ಟಾರ್ಪಾಲು ತೆಗೆದು ಕಿಕ್ ಹೊಡೆಯುತ್ತಾರೆ. ಹತ್ತು ಕಿಕ್, ಇಪ್ಪತ್ತು ಕಿಕ್, ಬೆನ್ನು ಬೆವರಿದರೂ ಗಾಡಿ ಕೆಮ್ಮುವುದೂ ಇಲ್ಲ. ಆಮೇಲೆ ಪಕ್ಕದ ಮನೆ ಹುಡುಗನನ್ನು ಕರೆದು ತಳ್ಳಿಸುತ್ತಾರೆ, ಅದೂ ಆಗದಿದ್ದರೆ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಪೇಟೆಯ ಗ್ಯಾರೇಜಿಗೆ ಹೊರಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಕಾರಣ ನೋಡಿದರೆ ಸೂಜಿಮೊನೆಯಷ್ಟು ತೂತಿನಲ್ಲಿ ಕೂತ ಅಂಟು.

ಹಿಮ ಬೀಳುವ ದೇಶದವರು ಬರೆದ ಸಲಹೆಗಳು ನಮಗೆ ಅರ್ಧ ಮಾತ್ರ ಹೊಂದುತ್ತವೆ. ಚಿಕ್ಕಬಳ್ಳಾಪುರದ ಡಿಸೆಂಬರ್ ಚಳಿ ನಂದಿ ಬೆಟ್ಟದ ಗಾಳಿಯ ಜೊತೆ ಸೇರಿ ಎಷ್ಟೇ ಕೊರೆದರೂ ಇಂಜಿನ್ನಿನೊಳಗೆ ಏನೂ ಹೆಪ್ಪುಗಟ್ಟುವುದಿಲ್ಲ. ಇಲ್ಲಿ ನಿಂತ ಗಾಡಿಯನ್ನು ಕೆಡಿಸುವುದು ಬೇರೆ ಸಂಗತಿಗಳು: ಬ್ಯಾಟರಿ ತಾನಾಗಿ ಇಳಿಯುವುದು, ಪೆಟ್ರೋಲ್ ಆರಿ ಅಂಟಾಗುವುದು, ಬೆಳಗಿನ ಇಬ್ಬನಿ ಕನೆಕ್ಟರುಗಳಲ್ಲಿ ಕೂರುವುದು, ಇಲಿ ವೈರ್ ಕಡಿಯುವುದು, ಹುಳ ಪೈಪಿನೊಳಗೆ ಮನೆ ಕಟ್ಟುವುದು. ಓಡುತ್ತಿದ್ದಾಗ ಚೆನ್ನಾಗಿದ್ದ ಗಾಡಿಯಲ್ಲಿ ನಿಂತಲ್ಲೇ ಪಿಸ್ಟನ್ ಸವೆಯುವುದಿಲ್ಲ, ವಾಲ್ವ್ ಸುಡುವುದಿಲ್ಲ. ಹಾಗಾಗಿ ಇಂಜಿನ್ ಬಿಚ್ಚುವ ಮಾತು ಕೊನೆಗಿರಲಿ.

ಬೇಕಾದ ಸಾಮಾನು ಹೆಚ್ಚಿಲ್ಲ. ಗಾಡಿಯ ಜೊತೆ ಬಂದ ಪ್ಲಗ್ ಸ್ಪ್ಯಾನರ್, 8 ಮತ್ತು 10ರ ಸ್ಪ್ಯಾನರ್, ಒಂದು ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್, ಒಂದು ಚಪ್ಪಟೆಯದು, ಅಗ್ಗದ ಡಿಜಿಟಲ್ ಮಲ್ಟಿಮೀಟರ್, ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ, ಎಮರಿ ಪೇಪರ್, ಬನಿಯನ್ ವೇಸ್ಟ್, ಎರಡು ಲೀಟರ್ ಹೊಸ ಪೆಟ್ರೋಲ್. ಮಲ್ಟಿಮೀಟರ್ ಇಲ್ಲದೆ ಬ್ಯಾಟರಿ ವಿಷಯ ಊಹೆಯೇ ಆಗುತ್ತದೆ, ಅದನ್ನೊಂದು ತಪ್ಪದೆ ಕೊಂಡಿಟ್ಟುಕೊಳ್ಳಿ.

ಕೈ ಹಾಕುವ ಮೊದಲು

ಗಾಡಿಯನ್ನು ಬಯಲಿಗೆ ತಳ್ಳಿ ತನ್ನಿ. ಸೀಟಿನ ಕೆಳಗೆ, ಹೆಡ್‌ಲೈಟ್ ಡೂಮಿನೊಳಗೆ, ಸೈಡ್ ಪ್ಯಾನಲ್ ಹಿಂದೆ ಕೈ ತೂರಿಸುವ ಮೊದಲು ಕೋಲಿನಿಂದ ತಟ್ಟಿ, ಟಾರ್ಚ್ ಬಿಟ್ಟು ನೋಡಿ. ಇಲಿ ಹೋದ ಕಡೆ ಹಾವೂ ಹೋಗುತ್ತದೆ. ಹಳ್ಳಿಯಲ್ಲಿ ನಿಂತ ಗಾಡಿಗೆ ಇದು ಅತಿ ಎಚ್ಚರಿಕೆಯೇನಲ್ಲ.

ಸೈಲೆನ್ಸರಿನ ಬಾಯಿ ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅದು ಹೇಳಿ ಮಾಡಿಸಿದ ಜಾಗ. ಗೂಡು ಬಾಯಲ್ಲೇ ಇದ್ದರೆ ಒಳಕ್ಕೆ ತಳ್ಳದೆ ಕೊಕ್ಕೆ ತಂತಿಯಿಂದ ಹೊರಕ್ಕೆ ಎಳೆದು ತೆಗೆಯಿರಿ. ಹಾಗೆಯೇ ಏರ್ ಫಿಲ್ಟರ್ ಮುಚ್ಚಳ ತೆಗೆದು ನೋಡಿ. ರಾಗಿ ಮೂಟೆ ಇಟ್ಟ ಕೋಣೆಯಲ್ಲಿ ಗಾಡಿ ನಿಲ್ಲಿಸಿದ್ದರೆ ಫಿಲ್ಟರ್ ಡಬ್ಬಿಯೊಳಗೆ ಹುಲ್ಲು, ಚಿಂದಿ, ರಾಗಿ ಹೊಟ್ಟು ತುಂಬಿದ ಇಲಿ ಗೂಡು ಸಿಗುವ ಸಾಧ್ಯತೆ ಚೆನ್ನಾಗಿದೆ. ಅದನ್ನು ತೆಗೆಯದೆ ಕಿಕ್ ಹೊಡೆದರೆ ಚೂರುಗಳು ಇಂಜಿನ್ ಕಡೆಗೆ ಎಳೆದುಕೊಂಡು ಹೋಗುತ್ತವೆ. ಕಾಗದದ ಫಿಲ್ಟರನ್ನು ಇಲಿ ತೂತು ಮಾಡಿದ್ದರೆ ಬದಲಿಸಲೇಬೇಕು. ಕ್ವಾರಿ ಧೂಳು ಹಾರುವ ರಸ್ತೆಗಳಲ್ಲಿ ತೂತು ಫಿಲ್ಟರಿನ ಗಾಡಿ ಓಡಿಸಿದರೆ ಪಿಸ್ಟನ್ ರಿಂಗ್ ಬೇಗ ಸವೆದು ಹೊಗೆ ಶುರುವಾಗುತ್ತದೆ.

ವೈರಿಂಗನ್ನು ಕಣ್ಣಿಗೆ ಕಂಡಷ್ಟು ದೂರ ನೋಡಿ. ಕಡಿದ ಜಾಗದಲ್ಲಿ ತಾಮ್ರ ಹೊಳೆಯುತ್ತಿರುತ್ತದೆ ಅಥವಾ ಹಸಿರು ಹಿಡಿದಿರುತ್ತದೆ. ದನದ ಕೊಟ್ಟಿಗೆಯಲ್ಲಿ ನಿಂತ ಗಾಡಿಗೆ ಈ ಹಸಿರು ಹೆಚ್ಚು, ಗಂಜಲದಿಂದೇಳುವ ಅಮೋನಿಯ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ಶಿಡ್ಲಘಟ್ಟ ಕಡೆಯವರು ಇನ್ನೊಂದನ್ನು ಗಮನಿಸಬೇಕು: ರೇಷ್ಮೆ ಹುಳು ಮನೆಗೆ ಬ್ಲೀಚಿಂಗ್ ಪೌಡರ್ ಹಾಕಿ ಸೋಂಕು ಕಳೆಯುವಾಗ ಪಕ್ಕದ ಇಳಿಮಾಡಿನಲ್ಲಿ ಗಾಡಿ ಇದ್ದರೆ ಆ ಕ್ಲೋರಿನ್ ಗಾಳಿಗೆ ಟರ್ಮಿನಲ್, ಸ್ಪೋಕ್ಸ್, ಚೈನ್ ಎಲ್ಲಕ್ಕೂ ತುಕ್ಕು ಹತ್ತುತ್ತದೆ. ಅಂಥ ಗಾಡಿಯಲ್ಲಿ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಹಾಕಿದರೇ ಅರ್ಧ ರೋಗ ಹೋಗುತ್ತದೆ.

ಕಡಿದ ವೈರ್ ಸಿಕ್ಕರೆ ಎರಡೂ ತುದಿಯ ಸಿಪ್ಪೆಯನ್ನು 15 ಮಿಲಿಮೀಟರ್ ಸುಲಿದು, ಹೊಸೆದು, ಬೆಸುಗೆ ಹಾಕಿ ಸ್ಲೀವ್ ಏರಿಸಿ. ಬರೀ ಕರೀ ಟೇಪು ಇಂಜಿನ್ ಬಿಸಿಗೆ ಅಂಟು ಬಿಟ್ಟು ಬಿಚ್ಚಿಕೊಳ್ಳುತ್ತದೆ, ಅದೂ ನಡುದಾರಿಯಲ್ಲಿ.

ಕೊನೆಗೆ ಹ್ಯಾಂಡಲ್ ಮೇಲಿನ, ಇಂಜಿನ್ ನಿಲ್ಲಿಸುವ ಕೆಂಪು ಸ್ವಿಚ್. ಮಕ್ಕಳು ನಿಂತ ಗಾಡಿಯ ಮೇಲೆ ಕೂತು ಆಡಿರುತ್ತಾರೆ, ಅದು ಆಫ್ ಆಗಿರುತ್ತದೆ. ನಗಬೇಡಿ, ಇದಕ್ಕಾಗಿಯೇ ಪ್ಲಗ್ ಬದಲಿಸಿದವರಿದ್ದಾರೆ. ಹೊಸ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಸೆನ್ಸರ್ ಕೂಡ ಇರುತ್ತದೆ. ಸ್ಟ್ಯಾಂಡಿನ ಸಂದಿಯಲ್ಲಿ ಕೆಸರು ಗಟ್ಟಿಯಾಗಿದ್ದರೆ ಮೇಲೆತ್ತಿದರೂ ಇಳಿದೇ ಇದೆ ಎಂದು ಗಾಡಿ ತಿಳಿಯುತ್ತದೆ. ತೊಳೆದು ಒರೆಸಿ.

ಬ್ಯಾಟರಿ

ಕೀ ಆನ್ ಮಾಡಿ ಸೆಲ್ಫ್ ಒತ್ತಿದಾಗ ಟಿಕ್‌ಟಿಕ್ ಎಂದರೆ ಬ್ಯಾಟರಿ ಇಳಿದಿದೆ. ಏನೂ ಸದ್ದಿಲ್ಲದೆ ಮೀಟರ್ ಲೈಟೂ ಬರದಿದ್ದರೆ ಮೊದಲು ಫ್ಯೂಸ್ ನೋಡಿ. ಬಹುತೇಕ ಗಾಡಿಗಳಲ್ಲಿ ಅದು ಬ್ಯಾಟರಿ ಪಕ್ಕದಲ್ಲೇ, ಜೊತೆಗೊಂದು ಸ್ಪೇರ್ ಇಟ್ಟುಕೊಂಡೇ ಇರುತ್ತದೆ. ಹೋದ ಫ್ಯೂಸಿನ ಜಾಗಕ್ಕೆ ಅಷ್ಟೇ ಆಂಪಿಯರಿನದನ್ನು ಹಾಕಿ. ತಾಮ್ರದ ಎಳೆ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಇವುಗಳಿಂದ ಗಾಡಿ ಸ್ಟಾರ್ಟ್ ಆಗಬಹುದು, ವೈರಿಂಗೂ ಸುಡಬಹುದು.

ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಕೀ ಆಫ್ ಇರುವಾಗ ಅಳೆಯಿರಿ. 12.6ರಿಂದ 12.8 ಬಂದರೆ ಬ್ಯಾಟರಿ ತುಂಬಿದೆ. 12.4ರ ಆಸುಪಾಸಿದ್ದರೆ ಮುಕ್ಕಾಲು. 12.0 ಅಂದರೆ ಕಾಲು ಭಾಗ ಉಳಿದಿದೆ, ಸೆಲ್ಫ್ ಹೊಡೆಯಲು ಸಾಲದು. 11.8ಕ್ಕಿಂತ ಕೆಳಗಿದ್ದರೆ ಖಾಲಿ. ತುಂಬಿದೆ ಎಂದು ತೋರಿಸಿದರೂ ಸೆಲ್ಫ್ ಒತ್ತಿ ಹಿಡಿದಾಗ ಅಂಕಿ 9.5ಕ್ಕಿಂತ ಕೆಳಗೆ ಬೀಳುತ್ತಿದ್ದರೆ ಬ್ಯಾಟರಿಯೊಳಗೆ ಜೀವವಿಲ್ಲ ಅಥವಾ ಟರ್ಮಿನಲ್ ಸಡಿಲವಾಗಿದೆ. ಎರಡನೆಯದು ಪುಕ್ಕಟೆ ರಿಪೇರಿ, ಅದನ್ನೇ ಮೊದಲು ನೋಡಿ.

ಬಿಚ್ಚುವಾಗ ಮೈನಸ್ ಮೊದಲು, ಆಮೇಲೆ ಪ್ಲಸ್. ಹಾಕುವಾಗ ಪ್ಲಸ್ ಮೊದಲು. ಮೈನಸ್ ಇನ್ನೂ ಫ್ರೇಮಿಗೆ ಸೇರಿರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಫ್ರೇಮಿಗೆ ತಾಗಿದರೆ ಕಿಡಿ ಹಾರಿ ಸ್ಪ್ಯಾನರೇ ಅಂಟಿಕೊಳ್ಳುತ್ತದೆ. ಟರ್ಮಿನಲ್ ಮೇಲಿನ ಬಿಳಿ ಪುಡಿಗೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡ ಕಲಸಿ ಹಳೆ ಬ್ರಷ್‌ನಿಂದ ಉಜ್ಜಿ, ಒರೆಸಿ, ಎಮರಿ ಪೇಪರಿನಿಂದ ಹೊಳಪು ಬರುವವರೆಗೆ ತಿಕ್ಕಿ, ಬಿಗಿ ಮಾಡಿದ ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ. ಸೋಡ ನೀರು ಬ್ಯಾಟರಿಯೊಳಗೆ ಇಳಿಯಬಾರದು.

ನೀರು ಹಾಕುವ ಹಳೆ ಮಾದರಿಯ ಬ್ಯಾಟರಿಯಾದರೆ ಮಟ್ಟ ಎರಡು ಗೆರೆಗಳ ನಡುವೆ ಇರಲಿ, ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರಿನಲ್ಲಿ ಲವಣ ಎಷ್ಟಿದೆಯೆಂದು ಇಲ್ಲಿಯವರ ಹಲ್ಲು, ಪಾತ್ರೆಯ ತಳ ಎರಡೂ ಹೇಳುತ್ತವೆ. ಅದೇ ಲವಣ ಸೀಸದ ಪ್ಲೇಟುಗಳನ್ನು ಹಾಳು ಮಾಡುತ್ತದೆ. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರೂ ಬೇಡ, ಕುಡಿಯಲು ಶುದ್ಧ ಎಂದ ಮಾತ್ರಕ್ಕೆ ಅದರಲ್ಲಿ ಲವಣವೇ ಇಲ್ಲವೆಂದಲ್ಲ.

ಚಾರ್ಜ್ ಮಾಡುವ ಲೆಕ್ಕ ಸುಲಭ. ಬ್ಯಾಟರಿ ಮೇಲೆ ಬರೆದ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗ ಕರೆಂಟು, ಹತ್ತು–ಹನ್ನೆರಡು ಗಂಟೆ ಹೊತ್ತು. 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್, 8ರದ್ದಕ್ಕೆ 0.8. ಲಾರಿ, ಟ್ರ್ಯಾಕ್ಟರ್ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿಗೆ ಕೊಟ್ಟರೆ ಕರೆಂಟು ಕಡಿಮೆ ಇಡಲು ಬಾಯಿಬಿಟ್ಟು ಹೇಳಿ. ಒಂದೇ ಗಂಟೆಯಲ್ಲಿ ಹೊಡೆದು ಕೊಟ್ಟರೆ ಬ್ಯಾಟರಿ ಹೊಟ್ಟೆ ಊದಿಕೊಂಡು ಬರುತ್ತದೆ. ರಾತ್ರಿಯಿಡೀ ಚಾರ್ಜ್ ಆಗಿ, ಬಿಚ್ಚಿಟ್ಟು ಅರ್ಧ ದಿನ ಬಿಟ್ಟು ಅಳೆದಾಗ 12.4ಕ್ಕಿಂತ ಕೆಳಗೇ ಇದ್ದರೆ ಹೊಸದು ತರುವುದು ವಾಸಿ. ತಿಂಗಳುಗಟ್ಟಲೆ ಖಾಲಿ ಬಿದ್ದ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಹಿಡಿಯುವುದಿಲ್ಲ.

ತುರ್ತಿಗೆ ಟ್ರ್ಯಾಕ್ಟರ್ ಅಥವಾ ಕಾರಿನ 12 ವೋಲ್ಟ್ ಬ್ಯಾಟರಿಯಿಂದ ಜಂಪ್ ಕೊಡಬಹುದು. ಆ ವಾಹನದ ಇಂಜಿನ್ ಆಫ್ ಇರಬೇಕು. ಕೆಂಪು ವೈರ್ ಮೊದಲು ಗಾಡಿಯ ಪ್ಲಸ್‌ಗೆ, ಆಮೇಲೆ ಆ ವಾಹನದ ಪ್ಲಸ್‌ಗೆ. ಕಪ್ಪು ವೈರ್ ಆ ವಾಹನದ ಮೈನಸ್‌ಗೆ, ಕೊನೆಯ ತುದಿ ಗಾಡಿಯ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಸ್ಟಾರ್ಟ್ ಆದ ಕೂಡಲೇ ತಿರುಗುಮುರುಗಾಗಿ ಬಿಚ್ಚಿ.

ಬ್ಯಾಟರಿ ಸತ್ತರೂ ಕಿಕ್ ಇದೆಯಲ್ಲ ಎಂಬ ಧೈರ್ಯ, ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಇದ್ದ ಹಳೆ ಗಾಡಿಗಳ ಕಾಲದ್ದು. ಅವುಗಳಲ್ಲಿ ಹಲವಕ್ಕೆ ಕಿಡಿ ನೇರ ಮ್ಯಾಗ್ನೆಟ್ ಕಾಯಿಲಿನಿಂದ ಬರುತ್ತಿತ್ತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ನಿಯಮ) ಗಾಡಿಗಳಲ್ಲಿ ಹೆಚ್ಚಿನವಕ್ಕೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಇದೆ; ಅದರ ಪಂಪ್, ಕಂಪ್ಯೂಟರ್ ಎರಡಕ್ಕೂ ಮೊದಲು ವೋಲ್ಟ್ ಬೇಕು. ಬ್ಯಾಟರಿ ತೀರಾ ಬಿದ್ದಿದ್ದರೆ ಕಿಕ್ ಹೊಡೆದರೂ, ಇಳಿಜಾರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ತಳ್ಳಿದರೂ ಪೆಟ್ರೋಲ್ ಸಿಂಪಡಣೆಯೇ ಆಗುವುದಿಲ್ಲ. ಇಂಥ ಗಾಡಿಯಲ್ಲಿ ಬ್ಯಾಟರಿ ಸರಿ ಮಾಡದೆ ಮುಂದಿನ ಯಾವ ಪರೀಕ್ಷೆಯೂ ಬೇಡ.

ಟ್ಯಾಂಕಿನಲ್ಲಿ ಇರುವುದು ಇನ್ನೂ ಪೆಟ್ರೋಲೇ?

ಮುಚ್ಚಳ ತೆಗೆದು ಮೂಸಿ. ಹೊಸ ಪೆಟ್ರೋಲ್ ಮೂಗಿಗೆ ಚುರುಕಾಗಿ ಹೊಡೆಯುತ್ತದೆ. ಹಳೆಯದು ವಾರ್ನಿಷ್ ತರಹ ಹುಳಿಹುಳಿ ಮಂದ ವಾಸನೆ ಕೊಡುತ್ತದೆ, ಬಣ್ಣವೂ ಕಡು. ಬೇಗ ಹತ್ತಿಕೊಳ್ಳುವ ಹಗುರ ಅಂಶಗಳು ಮೊದಲು ಆವಿಯಾಗಿ ಹೋಗುತ್ತವೆ; ಉಳಿದದ್ದು ಬಿಸಿ ಇಂಜಿನ್ನಿನಲ್ಲಿ ಉರಿದೀತು, ತಣ್ಣಗಿನ ಇಂಜಿನ್ ಎಬ್ಬಿಸಲು ಆಗದು.

ಇನ್ನೊಂದು, ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗೆ ಚಳಿಗಾಲದ ರಾತ್ರಿಗಳಲ್ಲಿ ಬೆವರು ಕೂರುತ್ತದೆ, ಹನಿಯಾಗಿ ಇಳಿಯುತ್ತದೆ. ತಾಳುವಷ್ಟು ತಾಳಿ, ಮಿತಿ ಮೀರಿದ ಮೇಲೆ ನೀರೂ ಎಥೆನಾಲೂ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಹೋಗಿ ಕೂರುತ್ತವೆ. ಪೆಟ್ರೋಲ್ ಬಿಡುವ ನಲ್ಲಿ, ಅಂದರೆ ಕಾಕ್, ಇರುವುದೂ ತಳದಲ್ಲೇ. ಇಂಜಿನ್ನಿಗೆ ಮೊದಲು ಹೋಗುವುದು ಆ ನೀರೇ.

ಕಾಕ್ ಇರುವ ಕಾರ್ಬೊರೇಟರ್ ಗಾಡಿಯಲ್ಲಿ ಪರೀಕ್ಷೆ ಹೀಗೆ: ಬೀಡಿ, ಒಲೆ, ಊದುಬತ್ತಿ ಯಾವುದೂ ಹತ್ತಿರವಿಲ್ಲದ ಬಯಲಿನಲ್ಲಿ, ಕಾಕ್‌ನ ಪೈಪ್ ಬಿಚ್ಚಿ ರಿಸರ್ವ್‌ಗೆ ತಿರುಗಿಸಿ 200 ಮಿಲಿಯಷ್ಟನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಹತ್ತು ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ಬೇರೆ ಪದರವೋ ಉರುಳುವ ಗುಂಡು ಹನಿಯೋ ಕಂಡರೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ. ಪದರವಿಲ್ಲ, ನಿಲ್ಲಿಸಿ ಮೂರು ತಿಂಗಳಾಗಿದೆ, ವಾಸನೆ ಪರವಾಗಿಲ್ಲ ಎಂದರೆ ಅಷ್ಟೇ ಪ್ರಮಾಣದ ಹೊಸ ಪೆಟ್ರೋಲ್ ಸೇರಿಸಿ ಗಾಡಿ ಅಲ್ಲಾಡಿಸಿ ಬೆರೆಸಿದರೆ ಸಾಕು. ಆರು ತಿಂಗಳು ದಾಟಿದ್ದನ್ನು ವಾಸನೆ ಏನೇ ಇರಲಿ ತೆಗೆದುಬಿಡಿ. ತೆಗೆದದ್ದನ್ನು ಮೋರಿಗೆ ಸುರಿಯಬೇಡಿ, ಸೌದೆ ಒಲೆ ಹಚ್ಚಲು ಖಂಡಿತ ಬಳಸಬೇಡಿ. ಚೈನ್, ಸ್ಪ್ರಾಕೆಟ್ ತೊಳೆಯಲು ಆಗುತ್ತದೆ. ಟಾರ್ಚ್ ಬಿಟ್ಟಾಗ ಟ್ಯಾಂಕಿನ ಒಳಗೆ ಕಂದು ತುಕ್ಕು ಕಂಡರೆ ಕಾಕ್ ಮತ್ತು ಕಾರ್ಬೊರೇಟರ್ ನಡುವೆ ಒಂದು ಪಾರದರ್ಶಕ ಪೆಟ್ರೋಲ್ ಫಿಲ್ಟರ್ ಹಾಕಿಸಿ.

ಒಂದು ಸಲ ಸರಿಯಾಗಿ ಪ್ರಯತ್ನ, ಆಮೇಲೆ ಪ್ಲಗ್ ಕೈಗೆ

ಬ್ಯಾಟರಿ, ಪೆಟ್ರೋಲ್ ಎರಡೂ ಸರಿಯಾದ ಮೇಲೆ ಕಾರ್ಬೊರೇಟರ್ ಗಾಡಿಯಲ್ಲಿ ಕಾಕ್ ಆನ್ ಮಾಡಿ ಒಂದು ನಿಮಿಷ ಬಿಡಿ, ಕಾರ್ಬೊರೇಟರಿನ ತಳದ ಬೌಲ್ ತುಂಬಲಿ. ಚೋಕ್ ಪೂರ್ತಿ ಎಳೆಯಿರಿ. ಕೀ ಆಫ್ ಇಟ್ಟು ನಿಧಾನಕ್ಕೆ ನಾಲ್ಕು ಕಿಕ್. ಸಿಲಿಂಡರಿಗೆ ಪೆಟ್ರೋಲ್, ಎಣ್ಣೆ ಎರಡೂ ಏರಲು. ಆಮೇಲೆ ಕೀ ಆನ್, ಆಕ್ಸಿಲರೇಟರ್ ಮುಟ್ಟದೆ ಎಂಟು–ಹತ್ತು ಕಿಕ್. ಸೆಲ್ಫ್ ಆದರೆ ಒಂದು ಸಲಕ್ಕೆ ಐದು ಸೆಕೆಂಡ್, ನಡುವೆ ಹದಿನೈದು ಸೆಕೆಂಡ್ ಬಿಡುವು.

ಇಷ್ಟರಲ್ಲಿ ಹಿಡಿಯದಿದ್ದರೆ ಕಾಲಿಗೆ ವಿರಾಮ ಕೊಟ್ಟು ಪ್ಲಗ್ ಬಿಚ್ಚಿ. ಸುತ್ತಲಿನ ಧೂಳನ್ನು ಮೊದಲು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ನೇರ ಪಿಸ್ಟನ್ ಮೇಲೆ ಬೀಳುತ್ತದೆ. ಪ್ಲಗ್ಗಿನ ತುದಿ ಒದ್ದೆಯೋ, ಒಣಗಿದೆಯೋ? ಇನ್ನುಳಿದ ಕೆಲಸ ಯಾವ ದಾರಿ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಪೆಟ್ರೋಲ್‌ನಿಂದ ಒದ್ದೆಯಾಗಿದ್ದರೆ ಬರುತ್ತಿದೆ, ಉರಿಯುತ್ತಿಲ್ಲ. ಈ ಒಂದು ನಿಮಿಷದ ಕೆಲಸ ಬಿಟ್ಟು ಕಾರ್ಬೊರೇಟರ್ ಬಿಚ್ಚುವವರು, ಕಾಯಿಲ್ ಬದಲಿಸುವವರು ಕತ್ತಲಲ್ಲಿ ಕಲ್ಲು ಹೊಡೆಯುತ್ತಿರುತ್ತಾರೆ.

ಪ್ಲಗ್ ಒಣಗಿದ್ದರೆ

ಕಾರ್ಬೊರೇಟರಿನ ತಳದ ಬೌಲ್‌ಗೆ ಒಂದು ಡ್ರೈನ್ ಸ್ಕ್ರೂ, ಅದರ ಕೆಳಗೆ ಸಣ್ಣ ಪೈಪ್ ಇರುತ್ತದೆ. ಪೈಪಿನ ತುದಿಗೆ ಬಾಟಲಿ ಹಿಡಿದು ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ.

ಏನೂ ಬರಲಿಲ್ಲವೇ? ಕಾರ್ಬೊರೇಟರಿಗೆ ಬರುವ ಪೈಪ್ ಬಿಚ್ಚಿ ಕಾಕ್ ಆನ್ ಮಾಡಿ. ಧಾರೆ ಸರಾಗ ಬಂದರೆ ತೊಂದರೆ ಬೌಲ್‌ನೊಳಗಿನ ಫ್ಲೋಟ್ ಸೂಜಿಯದು, ಅಂಟಿನಲ್ಲಿ ಮುಚ್ಚಿಕೊಂಡೇ ಕೂತಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಬೌಲ್‌ಗೆ ನಾಲ್ಕು ಸಲ ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಧಾರೆಯೇ ಇಲ್ಲದಿದ್ದರೆ ಕಾಕ್‌ನ ಜಾಲರಿ ಕಟ್ಟಿದೆ ಅಥವಾ ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿದೆ. ಮುಚ್ಚಳ ತೆರೆದಾಗ ಧಾರೆ ಜೋರಾದರೆ ಎರಡನೆಯದೇ ಕಾರಣ. ಸ್ಟಾರ್ಟ್ ಆಗಿ ಒಂದೆರಡು ಕಿಲೋಮೀಟರ್ ಹೋಗಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಿಡಿಯುವ ಗಾಡಿಗೂ ಈ ತೂತೇ ಕಾರಣವಿರಬಹುದು.

ಬೌಲ್‌ನಿಂದ ನೀರಿನ ಹನಿ ಅಥವಾ ಹಳದಿ ಕಷಾಯದಂಥದ್ದು ಬಂದರೆ ಪೂರ್ತಿ ಹರಿಸಿ, ಮುಚ್ಚಿ, ಹೊಸ ಪೆಟ್ರೋಲ್ ತುಂಬಿಸಿ, ಇನ್ನೊಮ್ಮೆ ಹರಿಸಿ. ಈಗ ಚೋಕ್ ಎಳೆದು ಕಿಕ್ ಹೊಡೆಯಿರಿ. ಚೋಕ್ ಇರುವಾಗ ಹಿಡಿದು, ಚೋಕ್ ಬಿಟ್ಟ ಕೂಡಲೇ ಆಫ್ ಆಗುತ್ತದೆಯೇ? ಹಾಗಾದರೆ ಸ್ಲೋ ಜೆಟ್ ಕಟ್ಟಿದೆ, ಸಂಶಯವೇ ಬೇಡ. ಐಡಲಿಂಗ್‌ಗೆ ಪೆಟ್ರೋಲ್ ಕೊಡುವ ಈ ಹಿತ್ತಾಳೆ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಬೌಲ್‌ನಲ್ಲಿ ಉಳಿದ ಪೆಟ್ರೋಲ್ ಆರಿದಾಗ ಮೊದಲು ಮುಚ್ಚುವುದು ಇದೇ.

ಆಗ ಕಾರ್ಬೊರೇಟರ್ ಇಳಿಸಬೇಕು. ಕಾಕ್ ಆಫ್ ಮಾಡಿ. ಇಂಜಿನ್ ಕಡೆಯ ಎರಡು ಬೋಲ್ಟ್ ಸಾಮಾನ್ಯವಾಗಿ 10ರ ಸ್ಪ್ಯಾನರಿನವು. ಫಿಲ್ಟರ್ ಕಡೆ ಒಂದು ಕ್ಲಾಂಪ್. ಬೌಲ್ ಸ್ಕ್ರೂಗಳು ಮೆತ್ತಗಿನವು, ಸ್ಕ್ರೂಡ್ರೈವರ್ ಸರಿಯಾಗಿ ಕೂರದೆ ತಿರುಗಿಸಿದರೆ ತಲೆ ಸವೆದು ಆಮೇಲೆ ಡ್ರಿಲ್ ಮಾಡಿಸಬೇಕಾಗುತ್ತದೆ. ಒತ್ತಿ ಹಿಡಿದು ಒಂದೇ ಬಿಗಿಯಲ್ಲಿ ಬಿಡಿಸಿ. ಫ್ಲೋಟ್ ಪಿನ್ ಎಳೆದು ಫ್ಲೋಟ್, ಸೂಜಿ ತೆಗೆದಿಡಿ. ನಡುವೆ ನಿಂತದ್ದು ಮೇನ್ ಜೆಟ್, ಪಕ್ಕದ ಬಾವಿಯೊಳಗೆ ಇರುವುದು ಸ್ಲೋ ಜೆಟ್. ಅದರ ಸೀಳಿಗೆ ಸರಿಹೊಂದುವ ಅಗಲದ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಮುಟ್ಟಬೇಡಿ, ಹಿತ್ತಾಳೆ ಬೆಣ್ಣೆಯ ಹಾಗೆ ಕಿತ್ತುಬರುತ್ತದೆ. ಕೆಲವು ಮಾದರಿಗಳಲ್ಲಿ ಸ್ಲೋ ಜೆಟ್ ಬಿಚ್ಚಲು ಬರುವುದೇ ಇಲ್ಲ, ಅಲ್ಲಿಯೇ ಸ್ಪ್ರೇ ಹೊಡೆಯಬೇಕು. ಗಾಳಿ ಸ್ಕ್ರೂವನ್ನು ತೆಗೆಯುವ ಮೊದಲು ಮೆಲ್ಲಗೆ ಒಳಕ್ಕೆ ತಿರುಗಿಸುತ್ತ ಎಷ್ಟು ಸುತ್ತಿಗೆ ಕೂತಿತು ಎಂದು ಎಣಿಸಿ ಬರೆದಿಡಿ. ವಾಪಸ್ ಹಾಕುವಾಗ ಅಷ್ಟೇ ಸುತ್ತು ಬಿಚ್ಚಿಡಿ.

ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರೆ ಗುಂಡನೆಯ ಚುಕ್ಕಿ ಬೆಳಕು ಕಾಣಬೇಕು. ಕಾಣದಿದ್ದರೆ ಕ್ಲೀನರಿನಲ್ಲಿ ಅರ್ಧ ಗಂಟೆ ನೆನೆಸಿ, ವೈರಿನ ಒಳಗಿನ ಒಂದೇ ಒಂದು ತಾಮ್ರದ ಎಳೆಯಿಂದ ಮೆಲ್ಲಗೆ ತೂರಿಸಿ. ಹೊಲಿಗೆ ಸೂಜಿ, ಪಿನ್ನು ಹಾಕಿದರೆ ತೂತು ದೊಡ್ಡದಾಗಿ ಗಾಡಿ ಮುಂದೆ ಪೆಟ್ರೋಲ್ ಕುಡಿಯುತ್ತದೆ. ಬಾಡಿಯ ಒಳದಾರಿಗಳಿಗೆಲ್ಲ ಸ್ಪ್ರೇ ಹೊಡೆದು, ಒಂದು ಕಡೆಯಿಂದ ಹೊಡೆದದ್ದು ಇನ್ನೊಂದು ಕಡೆ ಬರುತ್ತಿದೆಯೇ ನೋಡಿ. ಕೊನೆಗೆ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಕಂಪ್ರೆಸರ್ ಗಾಳಿ ಹಿಡಿಸಿದರೆ ಕೆಲಸ ಪಕ್ಕಾ. ರಬ್ಬರ್ ರಿಂಗುಗಳನ್ನು ಮಾತ್ರ ಮೊದಲೇ ತೆಗೆದಿಟ್ಟಿರಿ. ಸ್ಪ್ರೇ ತಾಗಿದರೆ ಉಬ್ಬಿ ಮತ್ತೆ ಜಾಗದಲ್ಲಿ ಕೂರುವುದಿಲ್ಲ.

ಇಂಜೆಕ್ಷನ್ ಗಾಡಿಯಲ್ಲಿ ಕಾರ್ಬೊರೇಟರ್ ಇಲ್ಲ, ಕಿವಿಗೆ ಕೆಲಸ ಹೆಚ್ಚು. ಕೀ ಆನ್ ಮಾಡಿದ ಕೂಡಲೇ ಟ್ಯಾಂಕಿನೊಳಗಿಂದ ಎರಡು–ಮೂರು ಸೆಕೆಂಡ್ ಝುಂಯ್ ಎಂಬ ಸದ್ದು ಬರಬೇಕು. ಬಂದರೆ ಕೀ ಆಫ್–ಆನ್ ಮೂರು ಸಲ ಮಾಡಿ ಲೈನಿನಲ್ಲಿ ಒತ್ತಡ ತುಂಬಿಸಿ ಆಮೇಲೆ ಸೆಲ್ಫ್ ಹೊಡೆಯಿರಿ. ಸದ್ದೇ ಇಲ್ಲದಿದ್ದರೆ ಕೆಂಪು ಸ್ವಿಚ್, ಪಂಪಿನ ಫ್ಯೂಸ್, ರಿಲೇ, ಪಂಪಿನ ಕನೆಕ್ಟರ್ ಈ ಸಾಲಿನಲ್ಲಿ ನೋಡುತ್ತ ಹೋಗಿ. ಎಲ್ಲ ಸರಿಯಿದ್ದೂ ಸದ್ದಿಲ್ಲವೆಂದರೆ ಹಳೆ ಪೆಟ್ರೋಲ್ ಅಂಟಿಗೆ ಪಂಪೇ ಹಿಡಿದುಕೊಂಡಿರಬಹುದು. ನಿಲ್ಲಿಸಿದ್ದಾಗ ಗಾಡಿ ಉರುಳಿ ಬಿದ್ದಿದ್ದರೆ ಅಡ್ಡ ಬಿದ್ದಾಗ ಇಂಜಿನ್ ನಿಲ್ಲಿಸುವ ಸೆನ್ಸರ್ ಕೆಲಸ ಮಾಡಿರುತ್ತದೆ. ನೇರ ನಿಲ್ಲಿಸಿ ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕು. ಪಂಪಿನಿಂದ ಬರುವ ಪೈಪನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಅದರಲ್ಲಿ ಸುಮಾರು 3 ಬಾರ್ ಒತ್ತಡವಿರುತ್ತದೆ, ಪೆಟ್ರೋಲ್ ಮುಖಕ್ಕೇ ಎರಚುತ್ತದೆ.

ಪ್ಲಗ್ ಒದ್ದೆಯಾಗಿದ್ದರೆ

ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಒಣಗಿಸಿ, ಬ್ರಷ್‌ನಿಂದ ಉಜ್ಜಿ. ಪ್ಲಗ್ ತೂತಿನ ಮೇಲೆ ಬಟ್ಟೆ ಮುಚ್ಚಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ, ಕೀ ಆಫ್ ಇಟ್ಟು ಹತ್ತು ಕಿಕ್ ಹೊಡೆದರೆ ಒಳಗೆ ಸೇರಿದ ಪೆಟ್ರೋಲ್ ಹೊರಬರುತ್ತದೆ.

ಇನ್ನು ಕಿಡಿ ಪರೀಕ್ಷೆ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಮರೆಯ (ತಿರುಪಿನ ಗೆರೆಗಳ) ಭಾಗವನ್ನು ಇಂಜಿನ್ ಹೆಡ್ಡಿನ ಲೋಹಕ್ಕೆ ಗಟ್ಟಿಯಾಗಿ ತಾಗಿಸಿಡಿ, ಪ್ಲಗ್ ತೂತಿನಿಂದ ಆದಷ್ಟು ದೂರ. ಅಲ್ಲಿಂದ ಬರುವ ಪೆಟ್ರೋಲ್ ಆವಿಗೆ ಕಿಡಿ ಹತ್ತಬಾರದು. ಕೈಯಲ್ಲಿ ಹಿಡಿಯುವುದಾದರೆ ಒಣಗಿದ ರಬ್ಬರ್ ಕ್ಯಾಪ್ ಮಾತ್ರ. ನೆರಳಿನಲ್ಲಿ ಕಿಕ್ ಹೊಡೆಸಿ ನೋಡಿ. ನೀಲಿ ಕಿಡಿ ಚಟ್ ಎಂದು ಹಾರಿದರೆ ಚೆನ್ನ. ಹಳದಿ, ಕೆಂಪು, ಬಿಟ್ಟುಬಿಟ್ಟು ಬಂದರೆ ದುರ್ಬಲ. ಪ್ಲಗ್ ಸರಿಯಾಗಿ ತಾಗದೆ ಗಾಳಿಯಲ್ಲಿದ್ದಾಗ ಕಿಕ್ ಹೊಡೆದರೆ ಇಂಜೆಕ್ಷನ್ ಗಾಡಿಯ ಕಂಪ್ಯೂಟರಿಗೆ ಪೆಟ್ಟು ಬೀಳಬಹುದು, ಅದು ಸಾವಿರಗಟ್ಟಲೆ ಖರ್ಚು.

ಕಿಡಿ ಇಲ್ಲದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ. ಗ್ಯಾಪ್ ಹೆಚ್ಚಿನ ಗಾಡಿಗಳಿಗೆ 0.7ರಿಂದ 0.9 ಮಿಲಿಮೀಟರ್, ನಿಮ್ಮದರ ಅಳತೆ ಪುಸ್ತಕದಲ್ಲಿರುತ್ತದೆ. ಆಗಲೂ ಇಲ್ಲವೇ, ಕ್ಯಾಪನ್ನು ವೈರಿನಿಂದ ತಿರುಗಿಸಿ ಬಿಚ್ಚಿ. ವೈರಿನ ತುದಿ ಹಸಿರಾಗಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ ಹಾಕಿ. ಆಮೇಲೆ ಕೆಂಪು ಸ್ವಿಚ್ಚಿನ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ಆನ್–ಆಫ್ ಮಾಡಿ. ಕಾಯಿಲ್, ಕಿಡಿಯ ಹೊತ್ತು ನಿಯಂತ್ರಿಸುವ ಸಿಡಿಐ ಯೂನಿಟ್ ನಿಂತಲ್ಲೇ ಕೆಡುವುದು ಅಪರೂಪ, ಅವುಗಳಿಗೆ ಹೋಗುವ ವೈರ್ ಇಲಿ ಪಾಲಾಗುವುದು ಮಾಮೂಲು. ಪಲ್ಸರ್‌ನಂಥ ಎರಡು–ಮೂರು ಪ್ಲಗ್ ಗಾಡಿಯಲ್ಲಿ ಎಲ್ಲವನ್ನೂ ಪರೀಕ್ಷಿಸಿ.

ಪ್ಲಗ್ ವಾಪಸ್ ಹಾಕುವಾಗ ಪೂರ್ತಿ ಕೈಬೆರಳಿನಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರ್ ಹಚ್ಚಿ: ಹೊಸದಾದರೆ ಅರ್ಧ ಸುತ್ತಿನೊಳಗೆ, ಹಳೆಯದಾದರೆ ಎಂಟನೇ ಒಂದು ಸುತ್ತು. ಹೆಡ್ ಅಲ್ಯೂಮಿನಿಯಮ್ಮಿನದು, ಮರೆ ಹೋದರೆ ಲೇತಿಗೆ ಒಯ್ಯಬೇಕು.

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಇಲ್ಲ

ಕಿಕ್ಕರ್ ಮೇಲೆ ಕಾಲಿಟ್ಟಾಗ ಒಂದು ಹಂತದಲ್ಲಿ ಗಟ್ಟಿಯಾಗಿ ಎದುರು ಒತ್ತಬೇಕು. ಸಲೀಸಾಗಿ ಕೆಳಗಿಳಿದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಇಲ್ಲ. ಪ್ಲಗ್ ತೂತಿನಲ್ಲಿ 5 ಮಿಲಿ, ಅಂದರೆ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು, ಪ್ಲಗ್ ಹಾಕದೆ ಹತ್ತು ಕಿಕ್ ಹೊಡೆದು, ಆಮೇಲೆ ಪ್ಲಗ್ ಹಾಕಿ ಪ್ರಯತ್ನಿಸಿ. ಒಣಗಿದ ರಿಂಗಿಗೆ ಎಣ್ಣೆ ಸಿಕ್ಕಿ ಒತ್ತಡ ಬಂದರೆ ಸ್ಟಾರ್ಟ್ ಆದ ಮೇಲೆ ಸ್ವಲ್ಪ ನೀಲಿ ಹೊಗೆ ಬಂದು ನಿಂತುಹೋಗುತ್ತದೆ. ಎಣ್ಣೆ ಹಾಕಿದರೂ ವ್ಯತ್ಯಾಸವಿಲ್ಲದಿದ್ದರೆ ವಾಲ್ವ್ ತುಕ್ಕಿಗೆ ತೆರೆದೇ ನಿಂತಿರಬಹುದು; ಅದು ಮೆಕ್ಯಾನಿಕ್ ಕೆಲಸ.

ಕಿಕ್ಕರ್ ಇಳಿಯುವುದೇ ಇಲ್ಲ ಎಂದರೆ ಹತ್ತಿ ಕುಣಿಯಬೇಡಿ. ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಮಾರನೆ ದಿನ ಪ್ಲಗ್ ಇಲ್ಲದೆಯೇ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಿ. ಕಿಕ್ಕರಿನಿಂದ ಬಲ ಹಾಕಿದರೆ ಕಿಕ್ ಶಾಫ್ಟಿನ ಹಲ್ಲು ಮುರಿಯುತ್ತದೆ, ಆಗ ಒಂದು ರಿಪೇರಿ ಎರಡಾಗುತ್ತದೆ.

ಸ್ಟಾರ್ಟ್ ಆದ ಮೇಲೆ

ರೇಸ್ ಕೊಡಬೇಡಿ. ಐಡಲಿಂಗ್‌ನಲ್ಲೇ ಮೂರು–ನಾಲ್ಕು ನಿಮಿಷ ಬಿಡಿ, ಎಣ್ಣೆ ಹೆಡ್ಡಿಗೆ ಏರಲಿ. ಪೈಪಿನಿಂದ ಬಿಳಿ ಆವಿ, ನೀರಿನ ಹನಿ ಬಂದರೆ ಅದು ಒಳಗೆ ಕೂತಿದ್ದ ತೇವ. ಬ್ಯಾಟರಿ ಟರ್ಮಿನಲ್ಲಿನಲ್ಲಿ ಮತ್ತೆ ಅಳೆಯಿರಿ: ಸ್ವಲ್ಪ ರೇಸ್ ಕೊಟ್ಟಾಗ 13.8ರಿಂದ 14.5 ವೋಲ್ಟ್ ಬರಬೇಕು. 13ಕ್ಕಿಂತ ಕೆಳಗೇ ಇದ್ದರೆ ಚಾರ್ಜಿಂಗ್ ಆಗುತ್ತಿಲ್ಲ, 15 ದಾಟಿದರೆ ವೋಲ್ಟನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ. ಮನೆ ಮುಂದೆ ಹತ್ತು ನಿಮಿಷ ಓಡಿಸಿಟ್ಟರೆ ಬ್ಯಾಟರಿ ತುಂಬುವುದಿಲ್ಲ, ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಬೇಕು.

ಗೇರ್ ಹಾಕಿದ ಕೂಡಲೇ ಗಾಡಿ ಜಿಗಿದು ಆಫ್ ಆದರೆ ಕ್ಲಚ್ ಪ್ಲೇಟುಗಳು ಅಂಟಿಕೊಂಡಿವೆ. ಆಫ್ ಮಾಡಿ, ಗೇರಿಗೆ ಹಾಕಿ, ಕ್ಲಚ್ ಹಿಡಿದೇ ಗಾಡಿಯನ್ನು ಹಿಂದೆ ಮುಂದೆ ತಳ್ಳಿದರೆ ಬಿಡುತ್ತವೆ.

ಬ್ರೇಕನ್ನು ಮನೆ ಮುಂದೆಯೇ ನಡಿಗೆ ವೇಗದಲ್ಲಿ ನಾಲ್ಕು ಸಲ ಹಿಡಿದು ನೋಡಿ. ಡ್ರಮ್ಮಿನೊಳಗಿನ ತುಕ್ಕು ಮೊದಲ ಸಲ ಗಕ್ಕೆಂದು ಹಿಡಿಯುತ್ತದೆ. ಟೈರಿನ ಗಾಳಿಯನ್ನು ಗಾಡಿಯ ಸ್ಟಿಕ್ಕರಿನಲ್ಲಿರುವಷ್ಟು ತುಂಬಿಸಿ. ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಪಕ್ಕದ ನಾಲ್ಕಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದ ಟೈರು. ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣದಲ್ಲಿದ್ದರೆ ಅಥವಾ ಹಾಕಿ ವರ್ಷ ದಾಟಿದ್ದರೆ ಇಂಜಿನ್ ಬಿಸಿಯಿರುವಾಗಲೇ ಬದಲಿಸಿ. ಯಾವ ಗ್ರೇಡ್ ಎಂಬುದಕ್ಕೆ ಪುಸ್ತಕ ನೋಡಿ; ಸ್ಪ್ಲೆಂಡರಿಗೆ 10ಡಬ್ಲ್ಯು30, ಬುಲೆಟ್ಟಿಗೆ 15ಡಬ್ಲ್ಯು50, ಒಂದರದ್ದು ಇನ್ನೊಂದಕ್ಕಲ್ಲ. ಕಾರಿನ ಆಯಿಲ್ ಬೇಡ, ಕ್ಲಚ್ ಜಾರುತ್ತದೆ. ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿಯ ತಾರೀಕನ್ನೂ ರಸ್ತೆಗಿಳಿಯುವ ಮೊದಲು ನೋಡಿಕೊಳ್ಳಿ.

ಮತ್ತೆ ನಿಲ್ಲಿಸಿ ಹೋಗುವಾಗ

ಟ್ಯಾಂಕ್ ಕತ್ತಿನವರೆಗೆ ತುಂಬಿಸಿ, ಒಳಗೋಡೆಗೆ ಬೆವರು ಕೂರಲು ಜಾಗವಿರಬಾರದು. ಕಾರ್ಬೊರೇಟರ್ ಗಾಡಿಯಾದರೆ ಕಾಕ್ ಆಫ್ ಮಾಡಿ, ತಾನಾಗಿ ನಿಲ್ಲುವವರೆಗೆ ಇಂಜಿನ್ ಓಡಿಸಿ, ಉಳಿದ ಹನಿಯನ್ನು ಡ್ರೈನ್ ಸ್ಕ್ರೂನಿಂದ ಹರಿಸಿ. ಬ್ಯಾಟರಿಯ ಮೈನಸ್ ಬಿಚ್ಚಿಡಿ. ಆಗದಿದ್ದರೆ ಮನೆಯವರಿಗೆ ಹೇಳಿ ಹದಿನೈದು ದಿನಕ್ಕೊಮ್ಮೆ ಸಂತೆಗಾದರೂ ಗಾಡಿ ಒಯ್ಯಿಸಿ. ಚೈನಿಗೆ ಎಣ್ಣೆ, ಟೈರಿಗೆ ಗಾಳಿ, ನಡು ಸ್ಟ್ಯಾಂಡ್. ರಾಗಿ ಮೂಟೆಯಿಂದ, ಕೊಟ್ಟಿಗೆಯಿಂದ, ಹುಳು ಮನೆಯಿಂದ ದೂರ. ಪ್ಲಾಸ್ಟಿಕ್ ಟಾರ್ಪಾಲು ತೇವವನ್ನು ಒಳಗೇ ಹಿಡಿದಿಡುತ್ತದೆ, ಹಳೆ ಹತ್ತಿ ಬೆಡ್‌ಶೀಟ್ ಮೇಲು. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಅದರದೇ ಒಂದು ಚೂರನ್ನು ಆಕ್ಸಿಲರೇಟರ್ ಹಿಡಿಗೆ ಕಟ್ಟಿ. ನಾಲ್ಕು ತಿಂಗಳ ಮೇಲೆ ಬಂದು ಹಿಡಿಗೆ ಕೈ ಹಾಕಿದಾಗ, ಪೈಪಿನಲ್ಲೂ ಒಂದು ಬಟ್ಟೆಯಿದೆ ಎಂದು ನೆನಪಾಗಬೇಕಲ್ಲ.